ಕೊನೆಯ ನಿಲ್ದಾಣದ ವೊಂಬ್ಯಾಟ್

೨೨೯೧ನೇ ಇಸವಿ, ಹದಿಮೂರನೆಯ ತಿಂಗಳ ಆರನೆಯ ದಿನ
ಮೆಲ್ಬರ್ನ್‌ನ ಪೂರ್ವದ ಗುಡ್ಡಗಳಿಂದ

ಇನ್ನೂರೈವತ್ತು ವರ್ಷ ಹಿಂದಿರುವ ಹಿರಿಯರಿಗೆ,

ನಮ್ಮ ಕನ್ನಡವೂ ಹದಿಮೂರು ತಿಂಗಳ ವರ್ಷವೂ ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಇಲ್ಲಿ ಯಾರಲ್ಲಿಯೂ ಹೇಳಿಕೊಳ್ಳಲಾಗದ ಒಂದು ಅನುಮಾನವನ್ನು ನಿಮಗೆ ಬರೆಯುತ್ತಿದ್ದೇನೆ.

ಈಗ ಸ್ವಂತ ವಾಹನದಲ್ಲಿ ಕಾಡಿಗೆ ಹೋಗುವಂತಿಲ್ಲ. ಭಾನುವಾರ ರೈಲಿನಲ್ಲಿ ಗುಡ್ಡದ ಬುಡ ತಲುಪಿ, ಅಲ್ಲಿಂದ ಮುದ್ದಪ್ಪ ಮಾವ ಓಡಿಸುವ ಬಸ್ಸು ಹತ್ತುತ್ತೇವೆ. ಕೊನೆಯ ನಿಲ್ದಾಣದಲ್ಲಿ ವೊಂಬ್ಯಾಟ್ ಕಾಣುತ್ತದೆ. ಕರಡಿಮರಿಯಷ್ಟು ದಪ್ಪ, ಬಿಲ ತೋಡಿ ಬದುಕುವ ಪ್ರಾಣಿ. ಮರಳುವ ಮೊದಲು ಪ್ರಯಾಣಿಕರಲ್ಲಿ ಮೂವರು ಕಂಡೋಲೆಗೆ ಸಹಿ ಹಾಕಬೇಕು. ಜೀವಂತ ಪ್ರಾಣಿಯನ್ನು ಕಣ್ಣಾರೆ ಕಂಡೆವೆಂದು ಬರೆದುಕೊಡುವ ಹಾಳೆಗೆ ನಾವು ಹಾಗೆನ್ನುತ್ತೇವೆ. ಒಬ್ಬರು ಕಾಣಲಿಲ್ಲವೆಂದು ಬರೆದರೂ ಈ ಬಸ್ಸಿನ ಓಡಾಟವೇ ನಿಂತುಹೋಗುತ್ತದೆ, ಮಾವನ ಕೆಲಸವೂ ಹೋಗುತ್ತದೆ. ಆಗ ಕಾಡಿನ ಕಚೇರಿಯವರೇ ಬಂದು ಪ್ರಾಣಿಗಳನ್ನು ಹುಡುಕಬೇಕು. ಹನ್ನೊಂದು ವರ್ಷದಿಂದ ಯಾರೂ ಹಾಗೆ ಬರೆದಿಲ್ಲ. ಮೊದಲನೆಯವರು ಸಹಿ ಹಾಕಿದರೆ ಉಳಿದಿಬ್ಬರು ಕಿಟಕಿಯ ಕಡೆ ತಿರುಗುವುದೂ ಇಲ್ಲ.

ನಾನು ಒಂಬತ್ತು ಭಾನುವಾರ ನೋಡಿದೆ. ಅದು ನಾಲ್ಕೂಕಾಲಿಗೆ ಎಡಗಡೆಯಿಂದಲೇ ಬರುತ್ತದೆ. ಎರಡು ಸಲ ತಲೆ ತಿರುಗಿಸುತ್ತದೆ. ಮಳೆಯಲ್ಲಿಯೂ ಅದರ ಕೂದಲು ಅಂಟಿಕೊಳ್ಳುವುದಿಲ್ಲ. ವೊಂಬ್ಯಾಟಿನ ಲದ್ದಿ ಚೌಕಾಕಾರವಾಗಿರುತ್ತದೆಂದು ಹಳೆಯ ಕಾಗದವೊಂದರಲ್ಲಿ ಓದಿದ್ದೆ. ಈ ಭಾನುವಾರ ಹುಲ್ಲಿನವರೆಗೆ ನಡೆದು ಹುಡುಕಿದೆ. ಬಿಲದ ಸುತ್ತ ಏನೂ ಇರಲಿಲ್ಲ, ಕಚ್ಚಿದ ಹುಲ್ಲೂ ಇರಲಿಲ್ಲ.

"ಬೇಗ ಸಹಿ ಹಾಕು ಮಗಳೇ, ರೈಲು ತಪ್ಪತ್ತೆ," ಎಂದ ಮಾವ. "ನೋಡ್ದೆ ತಾನೆ?"

"ನೋಡ್ದೆ ಮಾವ. ಆದ್ರೆ ಅದು ಲದ್ದಿ ಹಾಕಿದ್ದೇ ಕಾಣ್ಲಿಲ್ಲ."

ಆಗಲೇ ಸಹಿ ಹಾಕಿ ಕುಳಿತಿದ್ದ ಸೀಬಮ್ಮತ್ತೆ ನಕ್ಕಳು. "ಅಯ್ಯೋ, ಅದನ್ನ ನೋಡಕ್ಕೆ ಟಿಕೆಟ್ ತಗೊಂಡು ಬಂದ್ಯೇನೇ?"

ಬಸ್ಸಿನವರೆಲ್ಲ ನಕ್ಕರು. ನನ್ನ ಮುಖ ಬಿಸಿಯಾಯಿತು. ಮಾವನಿಗೆ ಇನ್ನೆಲ್ಲಿ ಕೆಲಸ ಸಿಗುತ್ತದೆಂದು ಯೋಚಿಸಿ ಪೆನ್ನು ಹಿಡಿದೇ ನಿಂತೆ. ಆದರೆ ಈ ಯಂತ್ರದ ಬೊಂಬೆಯಂಥದ್ದನ್ನೇ ನೋಡಿ ನಾವು ಕಂಡೆವೆನ್ನುವವರೆಗೂ ನಿಜವಾದ ವೊಂಬ್ಯಾಟುಗಳನ್ನು ಯಾರೂ ಹುಡುಕುವುದಿಲ್ಲ. ಮೂರನೆಯ ಸಾಲಿನಲ್ಲಿ 'ಕಾಣಲಿಲ್ಲ' ಎಂದು ಬರೆದೆ.

ಮಾವ ಅದನ್ನು ಓದಿದ. ಬೈಯಲಿಲ್ಲ, ಯಾಕೆಂದು ಕೇಳಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಅದು ಕಚೇರಿಗೆ ತಲುಪಿತೋ ಇಲ್ಲವೋ ನನಗೆ ತಿಳಿಯದು.

ಹಿರಿಯರೇ, ನಿಮ್ಮ ಬಸ್ಸುಗಳ ಕೊನೆಯ ನಿಲ್ದಾಣದಲ್ಲಿ ಇನ್ನೂ ನಿಜವಾದ ಪ್ರಾಣಿಗಳು ಇರಬಹುದು. ಪಕ್ಕದವರು ಕಂಡರೆಂದು ನೀವೂ ಕಂಡೆವೆನ್ನಬೇಡಿ.

ನಿಮ್ಮವಳು,
ಚೆನ್ನಾಜಿ