ಹೆಸರಿಟ್ಟು ಹೋದವರು

ಮಂಗಫ್, ನವೆಂಬರ್ ೧೧, ಮಂಗಳವಾರ

ಮಗಳು ತೃಷಾ ಶಾಲೆಯ ಪ್ರಾಜೆಕ್ಟಿಗೆ ಒಂದು ಜ್ವಾಲಾಮುಖಿ ದ್ವೀಪದ ನಕ್ಷೆ ಬರೆದಳು. ಹತ್ತೊಂಬತ್ತನೇ ಶತಮಾನದಲ್ಲಿ ಯಾರೋ ಹಾಯಿಹಡಗಿನಲ್ಲಿ ಬಂದು, ಅಲ್ಲಿ ಎರಡೇ ದಿನ ಇದ್ದು ಹೋದರಂತೆ. ಶಿಖರಕ್ಕೆ ಕಪ್ತಾನನ ಹೆಸರು, ಕೊಲ್ಲಿಗೆ ಅವನ ಹೆಂಡತಿಯದು. ಒಂದು ಬಂಡೆಗೆ ಹಡಗಿನ ನಾಯಿಯ ಹೆಸರೂ ಇದೆ.

"ಪಪ್ಪಾ, ಯು ಆರ್ ಹಿಯರ್ ಫಾರ್ ಟ್ವೆಂಟಿ ಇಯರ್ಸ್. ಏನಕ್ಕಾದ್ರೂ ನೇಮ್ ಇಟ್ರಾ?"

"ನಿಂಗೆ ಇಟ್ಟಿದ್ದೇನಲ್ಲ ಮಾರಾಯ್ತಿ," ಎಂದೆ.

ಇನ್ನು ಇಲ್ಲಿರಲು ಬೇಕಾದ ನನ್ನ ಇಕಾಮಾ ಪರವಾನಗಿ ನವೀಕರಿಸುವುದಿಲ್ಲ ಎಂದು ವೀಸಾ ಕೊಟ್ಟ ಅರಬ್ ಧಣಿ, ನನ್ನ ಕಫೀಲ್, ಬೆಳಿಗ್ಗೆ ಹೇಳಿದ್ದನ್ನು ಅವಳಿಗಾಗಲಿ ಹೆಂಡತಿ ವಾರಿಜಾಳಿಗಾಗಲಿ ಇನ್ನೂ ಹೇಳಿಲ್ಲ. ಮೀನಾ ಅಬ್ದುಲ್ಲಾದ ತೈಲ ಘಟಕದಲ್ಲಿ ಅವನು ಹಾಕಿಸಿದ ಪೈಪುಗಳ ನಕ್ಷೆಯನ್ನೆಲ್ಲ ಬರೆದವನು ನಾನು. ಅವನು ಕೈಕುಲುಕಿ, "ಖಲಾಸ್, ರಫೀಕ್," ಎಂದ. ರಫೀಕ್ ಎಂದರೆ ಗೆಳೆಯ; ಕೆಲಸಕ್ಕೆ ಬಂದವರೆಲ್ಲ, ಹೆಸರೇನೇ ಇರಲಿ, ಇಲ್ಲಿ ರಫೀಕ್‌ಗಳೇ.

ಹಡಗಿನ ಆ ನಾಯಿಯನ್ನಾದರೂ ಹೆಸರು ಹಿಡಿದು ಕರೆಯುತ್ತಿದ್ದರು.