ಬೈಬಲ್ಲಿನೊಳಗಿನ ಚೀಟಿಗಳು

ವಿಜಯಶ್ರೀ,

ನಿನ್ನ ಈಗಿನ ವಿಳಾಸವನ್ನು ಯಾರಲ್ಲೂ ಕೇಳಲಾರದೆ ಬರೆಯುತ್ತಿದ್ದೇನೆ.

ಸಿಂದಗಿಯ ನಮ್ಮ ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತೇನೆ. ಇವತ್ತು ಹತ್ತನೆಯ ತರಗತಿಯ ಕರುಣಾ, ಎಲ್ಲರೂ ಹೋದ ಮೇಲೂ ಕೂತೇ ಇದ್ದಳು. ಪರೀಕ್ಷೆಗೆ ಅವಳ ಪುಟ್ಟ ಬೈಬಲ್ಲಿನಲ್ಲಿ ಕಾಪಿ ಚೀಟಿ ಅಡಗಿಸಿಡಲು ಗೆಳತಿಯರು ಒತ್ತಾಯಿಸುತ್ತಿದ್ದಾರಂತೆ.

“ದೇವರ ಪುಸ್ತಕ ಯಾರೂ ಬಿಚ್ಚಿ ನೋಡೂದಿಲ್ಲ ಅಂತಾರ್ರಿ ಅಕ್ಕಾ. ನಮ್ಮ ಕ್ಲಾಸಿನ ನಿಷತ ಒಬ್ಬಾಕಿನ ಬ್ಯಾಡ ಅಂತಾಳ. ಅಕಿ ನಮ್ಮ ಚರ್ಚಿನಾಕಿನೂ ಅಲ್ಲ, ಅಕಿಗ್ಯಾಕ ನನ್ನ ಚಿಂತಿ? ನಾ ಫೇಲಾಗ್ಲಿ ಅಂತ ಇರಬೇಕು.”

ಪದವಿ ಪರೀಕ್ಷೆಯ ದಿನ ನೀನು ನನ್ನ ಬೈಬಲ್ಲಿನಿಂದ ಚೀಟಿಗಳನ್ನು ಕಿತ್ತುಕೊಂಡಾಗ ನಾನೂ ಹೀಗೇ ಅಂದುಕೊಂಡಿದ್ದೆ. ಅವನ್ನು ನೀನೇ ನೋಡಿ ಬರೆಯಲು ಒಯ್ದೆ ಎಂದು ಕ್ಲಾಸಿಗೆಲ್ಲ ಹೇಳಿದ್ದೆ.

“ನಿಷತನ್ನ ಬಿಡಬ್ಯಾಡ, ಅಕಿ ನಿನ್ನ ಒಳ್ಳೇದಕ್ಕ ಹೇಳ್ತಾಳ,” ಎಂದೆ.

“ನಿಮಗ ಹ್ಯಾಂಗ ಗೊತ್ತ್ರಿ ಅಕ್ಕಾ?”

ಈಗ ಅವಳ ಸಂಶಯ ನನ್ನತ್ತ ತಿರುಗಿತ್ತು. ನಿನ್ನ ಹೆಸರು ನಾಲಿಗೆಯವರೆಗೆ ಬಂತು. ನಾನು ಎದ್ದು ಕಿಟಕಿಗಳನ್ನು ಮುಚ್ಚತೊಡಗಿದೆ.