ಐದನೇ ಕಂಪ್ಯೂಟರಿನ ನಿರ್ಮಾಲ್ಯ

ಪಾಂಡವಪುರ
೮ ನವೆಂಬರ್ ೧೯೯೯

ಶ್ರೀರಂಗಪಟ್ಟಣದ ಅರ್ಚಕ ರಾಮಸ್ವಾಮಿಯವರಿಗೆ, ನಿಮ್ಮ ಮಗ ಶ್ರೀಕರ ಕಲಿಯುತ್ತಿದ್ದ ಕಂಪ್ಯೂಟರ್ ಲ್ಯಾಬಿನ ಪ್ರಮೀಳಾ ಮಾಡುವ ನಮಸ್ಕಾರ.

ಅವನ ಎರಡು ನೋಟ್‌ಬುಕ್ಕು, ಕೊಡೆ ನನ್ನ ಬಳಿ ಇವೆ. ಇನ್ನೊಂದೂ ಇದೆ, ಅದನ್ನು ಕಳಿಸಲಾರೆ.

ಯಾರಾದರೂ ಬಂದು ಕೂತರೆ ನಮ್ಮ ಯೂನಿಕ್ಸ್ ಕಂಪ್ಯೂಟರು 'ಇವರು ಕೆಲಸದಲ್ಲಿದ್ದಾರೆ' ಎಂದು ಸಣ್ಣ ಫೈಲೊಂದನ್ನು ಬರೆದಿಟ್ಟುಕೊಳ್ಳುತ್ತದೆ, ಏಳುವಾಗ ಅಳಿಸುತ್ತದೆ. ಅದು ಅವರವರ ಸ್ವಂತ ಫೋಲ್ಡರಿನಲ್ಲೇ ಇರಲಿ ಎಂದವಳು ನಾನು; ಅಲ್ಲಿರುವುದು ಯಾರಾದರೂ ಅಳಿಸುವವರೆಗೂ ಉಳಿಯುತ್ತದೆ. ಶ್ರೀಕರ ಒಪ್ಪಲಿಲ್ಲ. "ಮೇಡಂ, ತಾತ್ಕಾಲಿಕ ಜಾಗದಲ್ಲಿಡಿ. ಬೆಳಿಗ್ಗೆ ಆನ್ ಮಾಡಿದಾಗ ಹಳೇದೆಲ್ಲ ತಾನೇ ಅಳಿಸಿಹೋಗುತ್ತೆ. ನಮ್ಮಪ್ಪ ನಿನ್ನೆಯ ನಿರ್ಮಾಲ್ಯ ತೆಗೀದೆ ಇವತ್ತಿನ ಹೂವು ಮುಟ್ಟಲ್ಲ" ಎಂದ.

"ಇದೇನ್ ಗರ್ಭಗುಡಿ ಅಲ್ಲ ಕಣಪ್ಪ. ಏಳೋವಾಗ ಸರಿಯಾಗಿ ಮುಚ್ಬುಟ್ಟು ಹೋಗು, ಸಾಕು" ಎಂದು ರೇಗಿದೆ.

ಅಂದೇ ಮಧ್ಯಾಹ್ನ ಕರೆಂಟು ಹೋಯಿತು. ಏನನ್ನೂ ಮುಚ್ಚಲಾಗದೆ ಅವನು ಎದ್ದು ಬಸ್ಸಿಗೆ ಓಡಿದ. ಆ ಬಸ್ಸಿನ ಸುದ್ದಿ ನಮಗೆ ಮುಟ್ಟಿದ್ದು ಸಂಜೆ.

ಆವತ್ತಿನಿಂದ ಪ್ರತಿ ಬೆಳಿಗ್ಗೆ ಅವನು ಕೂರುತ್ತಿದ್ದ ಐದನೇ ಕಂಪ್ಯೂಟರು 'ಶ್ರೀಕರ ಕೆಲಸದಲ್ಲಿದ್ದಾನೆ' ಎನ್ನುತ್ತದೆ. ಅಲ್ಲಿ ಯಾರೂ ಕೂರುತ್ತಿಲ್ಲ. ಉಳಿದವರ ಫೈಲುಗಳನ್ನು ಅವನು ಹೇಳಿದ ಜಾಗಕ್ಕೇ ಹಾಕಿದ್ದೇನೆ. ಅವನದೊಂದು ಹಾಗೇ ಇದೆ. ಒಂದು ಗುಂಡಿ ಒತ್ತಿದರೆ ಹೋಗುತ್ತದೆ. ನನಗೆ ಕೈ ಬರುತ್ತಿಲ್ಲ.

ಸೂತಕ ಕಳೆದು ಮತ್ತೆ ಗುಡಿಗೆ ಹೋಗುತ್ತಿದ್ದೀರಂತೆ. ದಯವಿಟ್ಟು ಒಂದು ಬೆಳಿಗ್ಗೆ ಇಲ್ಲಿಗೂ ಬನ್ನಿ. ನಿರ್ಮಾಲ್ಯ ತೆಗೆದು ಅಭ್ಯಾಸವಿರುವ ಕೈ ನಿಮ್ಮದು. ನೀವು ಬರುವವರೆಗೆ ಆ ಕುರ್ಚಿಯನ್ನು ಯಾರೂ ಎಳೆಯದಂತೆ ನೋಡಿಕೊಳ್ಳುತ್ತೇನೆ.

ನಿಮ್ಮ ದಾರಿ ನೋಡುತ್ತಿರುವ,
ಪ್ರಮೀಳಾ